ರಟ್ಟಿನೊಳಗಿನ ಪುಟ

ಮೊನ್ನೆ ಜಮಖಂಡಿ ಪೇಟೆಯಲ್ಲಿ ಬೈಂಡಿಂಗ್ ಅಂಗಡಿಯೊಂದರ ಮುಂದೆ ಮೈದಾ ಅಂಟಿನ ವಾಸನೆ ಬಂತು; ನನಗೆ ನಾಚಿಕೆಯಾಯಿತು. ಅಂಟಿಗೆ ನಾಚುವವರು ಕಡಿಮೆ ಎಂದು ನನಗೂ ಗೊತ್ತು. ಆದರೆ ಇದಕ್ಕೆ ಟಾಂಜಾನಿಯಾ ದೇಶದ ಕಾನೂನು ಕಾರಣ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಬಹಳ ವರ್ಷಗಳ ಹಿಂದಿನ ಮಾತು, ಆಗ ನಾನು ಇಲ್ಲಿನ ಕೋರ್ಟಿನಲ್ಲಿ ಹೊಸ ವಕೀಲ. ನನ್ನ ಸೀನಿಯರ್ ಬಳಿಗೆ ಬನಹಟ್ಟಿಯ ನೇಕಾರ ಮನೆತನದ ಶಾಂತವ್ವ ಬಂದರು. ಅವರ ತಂದೆಯೂ ಗಂಡನೂ ಟಾಂಜಾನಿಯಾದ ಒಂದು ಮಿಲ್ಲಿನಲ್ಲಿ ಮಗ್ಗದ ಫಿಟ್ಟರುಗಳು. ಮದುವೆ ಅಲ್ಲಿಯೇ, ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕಿ ಆಗಿತ್ತು. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದರೆ ಮೈದುನ ಬಾಗಿಲಿಗೆ ಅಡ್ಡ ನಿಂತ. "ನಮ್ಮ ಕಣ್ಣಮುಂದ ಮದುವಿ ಅಕ್ಕಿಕಾಳ ಬಿದ್ದಿಲ್ಲ. ನಾ ವೈನಿ ಅನ್ನಂಗಿಲ್ಲ" ಎಂದನಂತೆ. ವೈನಿ ಎಂದರೆ ನಮ್ಮ ಕಡೆ ಅತ್ತಿಗೆ. ತಾನು ಆತನ ಅಣ್ಣನ ಹೆಂಡತಿ ಎಂದು ಕೋರ್ಟು ಹೇಳಬೇಕು, ಶಾಂತವ್ವನಿಗೆ ಬೇಕಾದದ್ದು ಅಷ್ಟೇ. ಸಹಿಯ ಕಾಗದ ಅವರ ಬಳಿ ಇತ್ತು; ಅಷ್ಟಕ್ಕೇ ಮದುವೆಯಾಗುತ್ತದೆ ಎಂದು ಅಲ್ಲಿನ ಕಾನೂನು ಹೇಳುತ್ತದೆಂದು ತೋರಿಸಬೇಕಿತ್ತು.

ನಮ್ಮ ನ್ಯಾಯಾಧೀಶರಿಗೆ ನಮ್ಮ ದೇಶದ ಕಾನೂನೆಲ್ಲ ಗೊತ್ತು ಎಂದು ನಾವು ನಂಬಿ ನಡೆಯಬೇಕು. ಬೇರೆ ದೇಶದ ಕಾನೂನು ಮಾತ್ರ ಕಳವಾದ ಎಮ್ಮೆಯ ಬಣ್ಣದಂತೆ ಸಾಕ್ಷಿ ಕೊಟ್ಟು ರುಜುವಾತು ಮಾಡಬೇಕಾದ ಸಂಗತಿ. ಅದನ್ನು ಬಲ್ಲ ತಜ್ಞರನ್ನು ಕರೆಸಬೇಕು, ಇಲ್ಲವೇ ಆ ದೇಶದ ಸರ್ಕಾರವೇ ಅಚ್ಚು ಹಾಕಿಸಿದ ಪುಸ್ತಕ ತೋರಿಸಬೇಕು. ಟಾಂಜಾನಿಯಾ ತಜ್ಞರು ಮುಧೋಳದಲ್ಲೂ ಸಿಗಲಿಲ್ಲ, ಬೀಳಗಿಯಲ್ಲೂ ಸಿಗಲಿಲ್ಲ. ಶಾಂತವ್ವನ ಟ್ರಂಕಿನಲ್ಲಿ ಅಲ್ಲಿನ ಮದುವೆ ಕಾನೂನಿನ ಹರಕು ಪುಸ್ತಕವೊಂದಿತ್ತು. ಸಹಿ ಹಾಕುವ ಮೊದಲು ಓದಿ ನೋಡೋಣ ಎಂದು ಗಂಡ ಕೊಂಡಿದ್ದನಂತೆ.

ಹರಕು ಪುಸ್ತಕವನ್ನು ಕೋರ್ಟಿಗೆ ಒಯ್ಯುವುದು ಹೇಗೆ? ನಾನೂ ಬನಹಟ್ಟಿಯವನೇ. ಮಗ್ಗದಿಂದ ಇಳಿದ ಬಟ್ಟೆಯ ಎಣ್ಣೆ ಹತ್ತಿದ ತುದಿಯನ್ನು ಕತ್ತರಿಸಿಯೇ ಅಂಗಡಿಗೆ ಕೊಡುವುದು ನಮ್ಮ ರೂಢಿ. ಅದೇ ರೂಢಿಯಲ್ಲಿ ನಮ್ಮೂರ ಬೈಂಡರನಿಗೆ, ಮೇಲಿನ ಹೊಲಸು ಪುಟ ತೆಗೆದುಬಿಡಿ ಎಂದೆ. ಟಾಂಜಾನಿಯಾ ಸರ್ಕಾರದ ಮುದ್ರೆಯಿದ್ದದ್ದು ಅದೊಂದೇ ಪುಟದಲ್ಲಿ.

ನ್ಯಾಯಾಧೀಶರು ತಿರುವಿ ನೋಡಿ, ಬೈಂಡಿಂಗ್ ಚೆನ್ನಾಗಿದೆ ಎಂದರು. ಆಮೇಲೆ, ಇದನ್ನು ಅಚ್ಚು ಹಾಕಿಸಿದವರು ಯಾರು ಎಂದು ಕೇಳಿದರು. ಸೀನಿಯರ್ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಪುಟ ಎಲ್ಲೋ ಬಿದ್ದುಹೋಗಿರಬೇಕು ಎಂದು ಪಿಸುಗುಟ್ಟಿದೆ.

ಶಾಂತವ್ವ ಪುಸ್ತಕ ಕೇಳಿ ಇಸಿದುಕೊಂಡರು. ಬಟ್ಟೆಯ ದಪ್ಪ ನೋಡುವವರಂತೆ ರಟ್ಟನ್ನು ಎರಡು ಬೆರಳುಗಳ ನಡುವೆ ಹಿಡಿದು ಸವರಿದರು.

"ಸಾಹೇಬ್ರ, ಈ ರಟ್ಟ ಬಿಚ್ಚಾಕ ಅಪ್ಪಣಿ ಕೊಡ್ರಿ."

ಕ್ಲರ್ಕು ನೀರು ಹಚ್ಚಿ ಮೆಲ್ಲಗೆ ಬಿಡಿಸಿದರು. ರಟ್ಟಿನ ಒಳಗೆ ಅಸ್ತರವಾಗಿ ಅಂಟಿಸಿದ್ದ ಪುಟ ಮುದ್ರೆ ಸಮೇತ ಹೊರಬಂತು. ಕತ್ತರಿಸಿದ ಅಂಚು ಪುಸ್ತಕಕ್ಕೆ ಸರಿಯಾಗಿ ಕೂಡಿತು. ನ್ಯಾಯಾಧೀಶರು ಅಂದೇ ಟಾಂಜಾನಿಯಾದ ಕಾನೂನು ಬಲ್ಲವರಾದರು. ಮುಂದಿನ ತಾರೀಖಿಗೆ ಶಾಂತವ್ವ ಹೆಂಡತಿಯಾದರು. ಪುಟ ಕತ್ತರಿಸಲು ಹೇಳಿದವನು ನಾನೇ ಎಂದು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಮೊನ್ನೆ ಆ ವಾಸನೆ ತಡೆಯಲಾರದೆ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ಶಾಂತವ್ವನ ತಲೆ ಪೂರ್ತಿ ಬೆಳ್ಳಗಾಗಿದೆ. ತಪ್ಪೊಪ್ಪಿಕೊಂಡೆ.

"ಗೊತ್ತಿತ್ತ್ರಿ. ನೀವು ಫ್ಯಾನ್ ನೋಡಾಕತ್ತಿದ್ರಿ. ಆದ್ರ ನಮ್ಮೂರಾಗ ಕತ್ತರಿಸಿದ ತುಂಡ ಯಾರೂ ಚೆಲ್ಲಂಗಿಲ್ಲಲ್ರಿ, ಎಲ್ಲ್ಯಾರ ಅಸ್ತರಕ್ಕ ಹಾಕ್ತಾರ."

ಇಷ್ಟು ವರ್ಷದ ಭಾರ ಇಳಿದು ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಒಳಗೆ ಮಗ್ಗದ ಸದ್ದು ನಿಂತು, ಆ ಮೈದುನನ ಮುದಿ ದನಿ ಕೇಳಿಸಿತು.

"ವೈನಿ, ವಕೀಲ್ರಿಗೆ ಚಾ ಆತೇನ್ರಿ?"

ಆ ‘ವೈನಿ’ ಎಂಬ ಮಾತಿಗೆ ಮುದ್ರೆ ಕೇಳಬೇಕೆಂದು ನನಗೆ ಅನಿಸಲಿಲ್ಲ. ಚಾ ಆಗಿತ್ತು, ಆದರೂ ಆ ಕರೆ ಇನ್ನೊಮ್ಮೆ ಕೇಳಲೆಂದು ಇಲ್ಲವೆಂದೆ.