ಅಪ್ಪನಿಗೆ ಹೇಳಬೇಡ

ತಿಂಗಳಿಗೆ ಎರಡು ಶನಿವಾರ ಮಗಳನ್ನು ಅವಳಪ್ಪನಿಗೆ ತೋರಿಸಬೇಕೆಂದು ಕೋರ್ಟು ಹೇಳಿದಾಗ ಅವಳಿಗಿನ್ನೂ ಐದು ವರ್ಷ. ನಾನು ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ತಾಯಿ ಮಗಳಿಬ್ಬರೂ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ನನ್ನವರು ಮಾನೇಸರ್‌ನಲ್ಲಿ ಎಂಜಿನಿಯರ್. ವಿಚ್ಛೇದನಕ್ಕೆ ಅರ್ಜಿ ಹಾಕಿ ಗುರಗಾಂವ್‌ನಲ್ಲಿ ಬೇರೆ ಮನೆ ಮಾಡಿದ್ದರು. ಭೇಟಿ ನಡೆಯಬೇಕಾದದ್ದು ಕೋರ್ಟಿನ ಎರಡನೇ ಮಹಡಿಯ ಮಕ್ಕಳ ಕೋಣೆಯಲ್ಲಿ. ಶನಿವಾರ ಲಿಫ್ಟ್ ನಿಲ್ಲಿಸಿರುತ್ತಿದ್ದರು.

ಹೆರಿಗೆಯಾದ ಮರುವರ್ಷವೇ ನನಗೆ ಸಂಧಿವಾತ ಶುರುವಾಗಿತ್ತು. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಅವರು ಬಿಟ್ಟುಹೋದ ಮೇಲೆ ಮಂಡಿಗೂ ಇಳಿಯಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಹಿಡಿಯಲಾಗುತ್ತಿರಲಿಲ್ಲ. ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಕೂತು, ಬೆರಳು ಸಡಿಲವಾದ ಮೇಲೆಯೇ ಮಗಳ ಜಡೆ ಹೆಣೆಯುವುದು.

ಭೇಟಿಯನ್ನು ಕೆಳಗಡೆ ಎಲ್ಲಾದರೂ ಇಡಿಸಿ ಎಂದು ನನ್ನ ವಕೀಲೆಯನ್ನು ಕೇಳಿಕೊಂಡೆ. ಆಕೆ ನೇರ ಮಾತಿನ ಪಂಜಾಬಿ ಹೆಂಗಸು. ಆ ವಿಷಯವನ್ನು ಕೋರ್ಟಿನಲ್ಲಿ ಎತ್ತಲೇಬೇಡಿ ಎಂದರು. ಮೆಟ್ಟಿಲು ಹತ್ತಲಾರದವಳು ಮಗುವನ್ನು ಹೇಗೆ ಸಾಕುತ್ತಾಳೆ ಎಂದು ಮಾರನೆಯ ದಿನವೇ ಎದುರಿನವರು ಕೇಳುತ್ತಾರಂತೆ. ಅವರ ಅರ್ಜಿಯಲ್ಲಿ ಆಗಲೇ ‘ಸದಾ ಕಾಯಿಲೆಯ ತಾಯಿ’ ಎಂದು ಬರೆದಿತ್ತು. ಒಂದು ಶನಿವಾರ ತಪ್ಪಿದರೂ ಕೋರ್ಟಿನ ಆದೇಶ ಮೀರಿದಂತೆ. ಹಾಗಾಗಿ ಹೋಗಲೇಬೇಕಿತ್ತು, ಚೆನ್ನಾಗಿರುವವಳ ಹಾಗೆ ಹೋಗಬೇಕಿತ್ತು.

ಮಾತ್ರೆ ನುಂಗಿ, ಬೇಸಿಗೆಯಲ್ಲೂ ತುಂಬುತೋಳಿನ ಕುರ್ತಾ ಹಾಕಿಕೊಂಡು ಹೊರಡುತ್ತಿದ್ದೆ. ಮಕ್ಕಳ ಕೋಣೆಯ ಗೋಡೆಗೆ ಆನೆ, ಬಲೂನು ಬರೆದಿದ್ದರು. ಅಪ್ಪ ಮಗಳಿಬ್ಬರೂ ಚಾಪೆಯ ಮೇಲೆ ಆಡುವಾಗ ನಾನು ದುಪಟ್ಟಾದ ಕೆಳಗೆ ಕೈ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಹೊತ್ತು ಮುಗಿದರೂ ಏಳುತ್ತಿರಲಿಲ್ಲ. ಅವರು ಮೆಟ್ಟಿಲಿಳಿದು ಹೋಗುವವರೆಗೆ ಮಗಳ ಚೀಲ ಜೋಡಿಸುವ ನೆಪ ಮಾಡಿ, ಆಮೇಲೆ ಗೋಡೆ ಹಿಡಿದು ಏಳುತ್ತಿದ್ದೆ.

ಮಗಳಿಗೂ ಹೇಳಿಕೊಟ್ಟಿದ್ದೆ. “ಅಮ್ಮಂಗೆ ನೋವು ಅಂತ ಅಪ್ಪನಿಗೆ ಹೇಳಬೇಡ ಪುಟ್ಟಿ. ಹೇಳಿದ್ರೆ ನಿನ್ನ ಅವರ ಮನೆಗೆ ಕಳಿಸಿಬಿಡ್ತಾರೆ.” ಅವಳು ಯಾಕೆಂದು ಕೇಳಲಿಲ್ಲ. ಅಮ್ಮ ಹೇಗಿದ್ದಾಳೆ ಎಂದು ಅವರು ವಿಚಾರಿಸಿದರೆ ಆಟಿಕೆಯಿಂದ ತಲೆ ಎತ್ತದೆ, ಮಮ್ಮಾ ಬಿಲ್ಕುಲ್ ಠೀಕ್ ಹೈ ಎನ್ನುತ್ತಿದ್ದಳು. ಮೆಟ್ಟಿಲ ತಿರುವಿನಲ್ಲಿ ನಾನು ನಿಂತುಬಿಟ್ಟರೆ ಬಗ್ಗಿ ತನ್ನ ಬೂಟಿನ ಪಟ್ಟಿ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಿದ್ದಳು, ನೋಡಿದವರಿಗೆ ತಾಯಿ ಮಗಳಿಗಾಗಿ ಕಾಯುತ್ತಿರುವಂತೆ ಕಾಣಲಿ ಎಂದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಎಷ್ಟು ಜಾಣೆ ಎಂದು ಆಗ ಮನಸ್ಸಿನಲ್ಲೇ ಹಿಗ್ಗಿದ್ದೆ.

ಎರಡನೆಯ ಚಳಿಗಾಲದ ಒಂದು ಶನಿವಾರ ಮಂಜು ಮಧ್ಯಾಹ್ನವಾದರೂ ಕರಗಿರಲಿಲ್ಲ. ಮಗಳು ಬೆಳಿಗ್ಗೆ ಏನೂ ತಿಂದಿರಲಿಲ್ಲ. ಆಟೋದಲ್ಲಿ ಮುದುಡಿ ಕೂತಿದ್ದಳು; ಚಳಿಗೆ ಎಂದುಕೊಂಡೆ. ಮೊದಲ ತಿರುವಿನಲ್ಲಿ ಅವಳು ಬೂಟಿಗೆ ಬಗ್ಗಿದಳು. ನನಗಾಗಿ ಎಂದುಕೊಂಡು ನಾನೂ ಉಸಿರು ತೆಗೆದುಕೊಳ್ಳುತ್ತ ನಿಂತೆ. ಆಮೇಲೆ, “ಏಳು ಪುಟ್ಟಿ, ಈಗ ನನಗೆ ಹತ್ತೋಕಾಗುತ್ತೆ, ಚಲೋ,” ಎಂದೆ. ಅವಳು ಏಳಲಿಲ್ಲ. ಅಲ್ಲೇ ವಾಂತಿ ಮಾಡಿಕೊಂಡಳು. ಹಣೆ ಮುಟ್ಟಿದರೆ ಕಾವಲಿಯಂತೆ ಸುಡುತ್ತಿತ್ತು.

ಎಲ್ಲಿ ನೋವು ಎಂದು ಕೇಳಿದೆ.

“ನೋವಿಲ್ಲ ಅಮ್ಮಾ,” ಎಂದಳು. ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. “ಅಪ್ಪನಿಗೆ ಹೇಳಬೇಡ.”

ಎತ್ತಿಕೊಳ್ಳಲು ನೋಡಿದೆ. ನನ್ನ ಮಣಿಕಟ್ಟು ಅವಳ ಭಾರ ತಡೆಯಲಿಲ್ಲ. ಬೇರೇನೂ ತೋಚದೆ ಮೇಲೆ ನೋಡಿ, ಎಷ್ಟೋ ಕಾಲದ ಮೇಲೆ, “ರೀ,” ಎಂದು ಕೂಗಿದೆ. ಆ ಕಟ್ಟಡದಲ್ಲಿ ಹಾಗೆ ಕೂಗಿದರೆ ತಿರುಗುವವರು ಅವರೊಬ್ಬರೇ. ಓಡಿ ಬಂದು ಮಗಳನ್ನು ಎತ್ತಿಕೊಂಡರು.

ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದು, ಮಗು ಉಳಿಯುತ್ತದೆ ಎಂದರು. ನೋವು ಹಿಂದಿನ ದಿನವೇ ಶುರುವಾಗಿರಬೇಕು, ಇಷ್ಟು ಚಿಕ್ಕ ಮಗು ಅಳದೆ ಹೇಗಿತ್ತೋ ಎಂದು ಆಶ್ಚರ್ಯಪಟ್ಟರು.

ಕಾರಿಡಾರಿನಲ್ಲಿ ಅವರು ತಂದ ಚಹಾದ ಲೋಟ ಹಿಡಿಯಲು ನನಗೆ ಎರಡೂ ಕೈ ಬೇಕಾಯಿತು. ಅವರು ಊದಿದ ಗೆಣ್ಣುಗಳನ್ನು ನೋಡುತ್ತ ಕೂತರು. ಎಲ್ಲವನ್ನೂ ಹೇಳಿದೆ. ಮಗಳಿಗೆ ಏನು ಕಲಿಸಿದ್ದೆ ಎಂಬುದನ್ನೂ ಹೇಳಿದೆ.

“ಇಷ್ಟಾಗಿದೆ ಅಂತ ನನಗ್ಯಾಕೆ ಹೇಳಲಿಲ್ಲ?” ಎಂದರು. ಆಮೇಲೆ ತಾವೇ, “ಹೇಳಿದ್ದಿದ್ರೆ ಏನು ಮಾಡ್ತಿದ್ದೆನೋ, ನನಗೂ ಗೊತ್ತಿಲ್ಲ,” ಎಂದರು.

ಮುಂದಿನ ವಿಚಾರಣೆಯಲ್ಲಿ, ವಕೀಲೆ ಬೇಡವೆಂದರೂ ನಾನೇ ನ್ಯಾಯಾಧೀಶರ ಮುಂದೆ ನಿಂತು ನನ್ನ ಕಾಯಿಲೆಯನ್ನು ಹೇಳಿಕೊಂಡೆ. ಎದುರಿನ ವಕೀಲರು ತಟ್ಟನೆ ಎದ್ದು ನಿಂತರು. ನನ್ನವರು ಹಿಂದಿನಿಂದ ಅವರ ಕೋಟಿನ ತೋಳು ಹಿಡಿದೆಳೆದರು, ವಕೀಲರು ಕೂತರು. ನ್ಯಾಯಾಧೀಶರು ಭೇಟಿಯನ್ನು ನಮ್ಮ ಕಾಲೊನಿಯ ಪಾರ್ಕಿಗೆ ಬದಲಾಯಿಸಿದರು. ಮರುವರ್ಷ ವಿಚ್ಛೇದನವಾಯಿತು. ಮಗಳು ನನ್ನ ಹತ್ತಿರವೇ ಉಳಿದಳು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಆ ದಿನದ್ದೇನೂ ನೆನಪಿಲ್ಲ ಎನ್ನುತ್ತಾಳೆ, ಇರಬಹುದು. ನನಗೆ ಮಾತ್ರ ಅವಳು ಬಚ್ಚಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದರೂ ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುವ ಅಭ್ಯಾಸ. ತಲೆನೋವಿಗೆ ಅವಳು ಮುಖ ಸಿಂಡರಿಸಿ ಗೊಣಗಿದರೆ ಸಮಾಧಾನ. ಸುಮ್ಮನಿದ್ದರೆ ಹೋಗಿ ಹಣೆ ಮುಟ್ಟಿ ನೋಡುತ್ತೇನೆ. ಮೊನ್ನೆ ಕಣ್ಣು ಕೆಂಪಗಿತ್ತು, ಏನಾಯಿತೆಂದು ಕೇಳಿದೆ.

“ಕುಛ್ ನಹೀ ಅಮ್ಮಾ, ನಿದ್ದೆ ಕಡಿಮೆಯಾಗಿದೆ ಅಷ್ಟೇ,” ಎಂದಳು.

ನಿಜವೇ ಇರಬೇಕು. ನಾನು ಥರ್ಮಾಮೀಟರ್ ಹುಡುಕಿ ತಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಬಾಯಿ ತೆರೆದಳು.