ಬಾಗಿಲಿಗಿಂತ ದೊಡ್ಡ ಮಂಚ

ಖಾಲಿ ಮನೆಯ ಬಾಗಿಲಲ್ಲಿ ನಿಂತು "ಯಾರವ್ರೇ ಒಳಗೆ?" ಎಂದು ಕೂಗಿ, ಉತ್ತರಕ್ಕೆ ಕಾದು, ಆಮೇಲೆ ಒಳಗೆ ಕಾಲಿಡುತ್ತಿದ್ದವರು ತಿಮ್ಮರಾಯಪ್ಪ. ಆ ಮನೆಯನ್ನು ನಮಗೆ ಮಾರಿದವರೂ ಅವರೇ. ಕೀಲಿ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ ನಾನು ನಕ್ಕರೆ, "ನಿಮ್ದಾದ್ ಮ್ಯಾಕೆ ನುಗ್ಗಕಾಯ್ತದಾ ಅಮ್ಮಣ್ಣಿ?" ಎನ್ನುತ್ತಿದ್ದರು.

ಬಾಡಿಗೆಗೆ ಕೊಡಲೆಂದು ಅಪ್ಪ ಹೊಸೂರಿನಲ್ಲಿ ಆ ಪುಟ್ಟ ಮನೆ ಕೊಂಡದ್ದು 2006ರಲ್ಲಿ. ಕಾರ್ಖಾನೆ ಕೆಲಸಕ್ಕೆಂದು ತುಮಕೂರಿನಿಂದ ಬಂದ ನಮಗೆ ಅದು ಮೊದಲ ಆಸ್ತಿ. ರಿಜಿಸ್ಟರ್ ಆದ ದಿನವೇ ತಿಮ್ಮರಾಯಪ್ಪ ಮಗಳ ಊರು ಬೇರಿಕೆಗೆ ಹೊರಟರು. ಸಾಮಾನು ಮಾತ್ರ ಹೊರಡಲಿಲ್ಲ. ಏಣಿ, ಟ್ರಂಕು, ಹಂಡೆ, ಮೂರು ಕಾಲಿನ ಕುರ್ಚಿ, ನಡುಮನೆಯ ತುಂಬ ಒಂದು ಹೊನ್ನೆ ಮರದ ಮಂಚ. "ಬಂದು ತಗೊಂಡೋಯ್ತೀನಿ ಸಾರ್, ಓಡೋಯ್ತವಾ?" ಅಂದರು. ಅಪ್ಪ ನಂಬಿದರು.

ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆಗಿದ್ದ ಅವರಿಗೆ ವಾರದ ರಜೆ ಶುಕ್ರವಾರ. ಅಂದು ತಪ್ಪದೆ ಬರುತ್ತಿದ್ದರು. ಹೆಗಲ ಟವೆಲಿನಿಂದ ಒಂದೊಂದೇ ಸಾಮಾನಿನ ಧೂಳು ಒರೆಸಿ, ಅಮ್ಮ ಕಳಿಸಿದ ಕಾಫಿ ಕುಡಿದು, ಬರಿಗೈಯಲ್ಲಿ ಹೊರಡುತ್ತಿದ್ದರು.

"ಯಜಮಾನ್ರೇ, ಆ ಏಣಿನಾದ್ರೂ ತಗೊಂಡೋಗಿ."

"ಶುಕ್ರವಾರ ಮನೆಯಿಂದ ಸಾಮಾನು ಆಚಿಕ್ ಕಳಿಸ್ಬಾರ್ದು ಕಣಮ್ಮಣ್ಣಿ. ಲಕ್ಷ್ಮಿ ಹೊಂಟೋಯ್ತಾಳೆ. ನಂದೇನು, ಮಾರ್‌ಬುಟ್ಟೆ. ಕಳ್ಕಳೋರು ನೀವು."

ನನ್ನ ಡೈರಿಯಲ್ಲಿ ಆ ಶುಕ್ರವಾರಗಳ ಎದುರು "ಬಂದರು, ಒಯ್ಯಲಿಲ್ಲ" ಎಂದಿದೆ. ಆಮೇಲಾಮೇಲೆ ಬರೀ ಗೀಟು. ಅಮ್ಮನೂ ಅವರ ಪಕ್ಷ. "ನಮ್ಮ ಒಳ್ಳೇದಕ್ಕೇ ತಾನೆ ಹೇಳೋದು?"

ಆ ಒಳ್ಳೆಯದು ಅಪ್ಪನ ಕಣ್ಣಿಗೆ ಕಾಣಲಿಲ್ಲ. ಬಾಡಿಗೆ ಬಂದರಷ್ಟೇ ಬ್ಯಾಂಕಿನ ಕಂತು. ಮನೆ ಒಪ್ಪಿದ್ದ ಮಂಡ್ಯದ ಹೊಸ ಜೋಡಿ, ತಿಂಗಳ ಕೊನೆಗೆ ಖಾಲಿಯಾಗದಿದ್ದರೆ ಬೇರೆ ನೋಡಿಕೊಳ್ಳುತ್ತೇವೆ ಎಂದಿತ್ತು. ಅಪ್ಪ ಕಾರ್ಖಾನೆಗೇ ಹೋಗಿ, ತಿಮ್ಮರಾಯಪ್ಪನವರ ಮೇಲಿನವರ ಕೈಕಾಲು ಹಿಡಿದು, ಅವರಿಗೊಂದು ಬುಧವಾರ ರಜೆ ಕೊಡಿಸಿದರು.

ಬುಧವಾರ ಟೆಂಪೋ ಬಂತು. ಏಣಿ, ಟ್ರಂಕು, ಹಂಡೆ, ಮೂರು ಕಾಲಿನ ಕುರ್ಚಿ ಕೂಡ ಹೋದವು. ಮಂಚ ಬಾಗಿಲಿಗೆ ಬಂದು ನಿಂತಿತು. ಅಡ್ಡ ಮಾಡಿದರು, ಎತ್ತಿ ನಿಲ್ಲಿಸಿದರು, ಓರೆ ಮಾಡಿದರು. ಬಿಚ್ಚೋಣವೆಂದರೆ ಒಂದು ಮೊಳೆಯಿಲ್ಲ, ಎಲ್ಲ ಗೂಟ ಬಡಿದು ಕೂರಿಸಿದ್ದು. "ಪೋಗಾದು ಸಾರ್, ಪೋಗಾದು," ಎಂದು ಟೆಂಪೋ ಡ್ರೈವರ್ ತಮಿಳಿನಲ್ಲಿ ತೀರ್ಪು ಕೊಟ್ಟ.

ತಿಮ್ಮರಾಯಪ್ಪ ಹಣೆ ಚಚ್ಚಿಕೊಂಡರು. "ಅಯ್ಯೋ, ಮರ್ತೇ ಬುಟ್ಟಿದ್ದೆ! ಬಡಗಿನ ಒಳಗೇ ಕೂರ್ಸಿ ಮಾಡ್ಸಿದ್ದು. ಆವಾಗ ಬಾಗ್ಲೇ ಇಕ್ಕಿರ್ಲಿಲ್ಲ!"

"ಕಾಲು ಕುಯ್ಸಿ," ಎಂದರು ಅಪ್ಪ.

"ನನ್ ಮೂರು ಮಕ್ಳೂ ಹುಟ್ಟಿದ್ ಮಂಚ ಸಾರ್. ನೀವೇ ಬಾಗ್ಲು ಕಿತ್ಸಿ."

"ಹೊಸಲು ಪೂಜೆ ಮಾಡಿರೋ ಬಾಗಿಲು!" ಅಮ್ಮ ಅಡ್ಡ ನಿಂತರು.

ಮಂಚವನ್ನು ಮತ್ತೆ ನಡುಮನೆಗೆ ಇಳಿಸಿ ಎಲ್ಲರೂ ಏದುಸಿರು ಬಿಡುತ್ತಿರುವಾಗ ಮಂಡ್ಯದ ಜೋಡಿ ಬಂತು. ಗಂಡ ಮುಖ ಸಿಂಡರಿಸಿದ. ಹುಡುಗಿ ಮಂಚ ಹತ್ತಿ ಕೂತು, ಒಂದೆರಡು ಸಲ ಕುಪ್ಪಳಿಸಿ, ಕಿವಿಗೊಟ್ಟು ಕೇಳಿದಳು.

"ರೀ, ಇದು ಕಿರ್ರ್ ಅನ್ನಲ್ಲ ಕಣ್ರೀ! ನಮ್ಮಪ್ಪ ಕೊಟ್ಟಿರೋ ಮಂಚ ಊರಲ್ಲೇ ಇರ್ಲಿ."

ಗಂಡ ಕಿವಿಯವರೆಗೂ ಕೆಂಪಾಗಿ ಗೋಡೆ ನೋಡಿದ. ಅಪ್ಪ ನೆಮ್ಮದಿಯಿಂದ ಹೊಸಲ ಮೇಲೇ ಕೂತುಬಿಟ್ಟರು. ತಿಮ್ಮರಾಯಪ್ಪ ಮಂಚದ ಕಾಲುಗಳನ್ನು ಟವೆಲಿನಿಂದ ಇನ್ನೊಮ್ಮೆ ಒರೆಸಿ, "ತಲೆ ತೆಂಕ್ಲಿಗೆ ಇಕ್ಕಿ ಮನೀಕಳವ್ವ," ಎಂದು ಹೇಳಿ ಟೆಂಪೋ ಹತ್ತಿದರು.

ಆಮೇಲೂ ಶುಕ್ರವಾರಗಳಂದು ಅವರು ಬರುತ್ತಿದ್ದರು, ಬೇರಿಕೆಯ ಅವರೆಕಾಯಿ ಹಿಡಿದುಕೊಂಡು. ಈಗ ಅವರ ಕೂಗಿಗೆ ಒಳಗಿನಿಂದ ಉತ್ತರವೂ ಬರುತ್ತಿತ್ತು. ಆ ಹುಡುಗಿಗೆ ಮಗಳು ಹುಟ್ಟಿದಾಗ, "ನಮ್ ಮಂಚಕ್ಕೆ ನಾಕ್ನೇದು!" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಒಂದು ಚಳಿಗಾಲ ಅವರು ಬರುವುದು ನಿಂತಿತು. ಅವರ ಮಗಳು ಬಂದು, "ಅಪ್ಪ ಹೋಗ್ಬುಟ್ರು," ಎಂದು ತಿಳಿಸಿ, ಮಂಚದ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಹೋದರು.

2009ರಲ್ಲಿ ಅಪ್ಪನಿಗೆ ವರ್ಗವಾಗಿ ಮನೆ ಮಾರಿದೆವು. ಮಂಡ್ಯದವರು ಅಷ್ಟರಲ್ಲಿ ಖಾಲಿ ಮಾಡಿದ್ದರು. ಕೊಂಡವರು ನನ್ನ ಕೈಯಿಂದ ಕೀಲಿ ತೆಗೆದುಕೊಳ್ಳುತ್ತ ನಡುಮನೆಯತ್ತ ಬೆರಳು ತೋರಿಸಿದರು.

"ಆ ಮಂಚ ಯಾವಾಗ ತಗೊಂಡು ಹೋಗ್ತೀರಮ್ಮ?"

ನಾನು ಮಂಚವನ್ನು ನೋಡಿದೆ, ಬಾಗಿಲನ್ನು ನೋಡಿದೆ.

"ಬಂದು ತಗೊಂಡು ಹೋಗ್ತೀನಿ," ಅಂದೆ. "ಇವತ್ತು ಶುಕ್ರವಾರ ಅಲ್ವಾ?"