ಫಿಟರ್ ಕಾಕಾ ಮತ್ತು ಕಸಬರಿಗೆಯ ಪಾಳಿ

ಫಿಟರ್ ಕಾಕಾ ಪುಸ್ತಕದ ಪುಟಗಳನ್ನು ಕಿರುಬೆರಳಿನಿಂದ ತಿರುವುತ್ತಿದ್ದರು. ಉಳಿದ ಬೆರಳುಗಳ ಗೆರೆಗಳಲ್ಲೆಲ್ಲ ಗ್ರೀಸು ಸೇರಿಕೊಂಡು ಕಪ್ಪಾಗಿತ್ತು. ರಂಜಾನ್ ಹಬ್ಬದ ಮುಂಜಾನೆ ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗದಂಥ ಕಪ್ಪು. ಕಿರುಬೆರಳೊಂದನ್ನು ಮಾತ್ರ ಯಂತ್ರಕ್ಕೆ ತಾಗಿಸದೆ ಜೋಪಾನ ಮಾಡಿದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ, ಮೊಣಕೈವರೆಗೆ ಮಡಚಿದ ಅಂಗಿ, ಹಾಳೆಯ ಮೂಲೆಗೆ ಬಂದು ನಿಲ್ಲುವ ಆ ಒಂದು ಶುಭ್ರ ಬೆರಳು. ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಇದೇ.

ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಫಿಟರ್ ಆಗಿದ್ದರು. ನೀರಿನ ಪೈಪುಗಳಿಗೆ ಕೂಡಿಸುವ ವಾಲ್ವುಗಳು ಅಲ್ಲಿ ತಯಾರಾಗುತ್ತಿದ್ದವು. ವಾರವಿಡೀ ಕಬ್ಬಿಣ, ರವಿವಾರ ಮಾರ್ಕ್ಸ್‌ವಾದ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಸೈಕಲ್ ಅಂಗಡಿಯೊಂದರ ಅಟ್ಟದ ಮೇಲೆ ಅವರ ಬೈಠಕ್ಕು. ಚಾಪೆ, ಗಿರಮಿಟ್ಟು, ಕೆಟಲಿನಲ್ಲಿ ಚಹಾ. ಕಾರ್ಖಾನೆಯ ಕೆಲವರು, ಓಣಿಯ ಒಂದಿಬ್ಬರು, ಆಗಾಗ ಕಾಲೇಜಿನ ಹುಡುಗರು ಬಂದು ಕೂಡುತ್ತಿದ್ದರು.

ನಾನು ಆಗ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಉಪಸಂಪಾದಕಿ. ಗೆಳತಿಯ ಒತ್ತಾಯಕ್ಕೆ ಹೋದವಳು, ಹೋದ ದಿನವೇ ಜಗಳ ತೆಗೆದೆ. ಇದೆಲ್ಲ ಮುಗಿದ ಕಥೆ, ದೊಡ್ಡ ದೊಡ್ಡ ದೇಶಗಳು ಮಾಡಿ ಸೋತು ಕೈಬಿಟ್ಟದ್ದನ್ನು ಈ ಅಟ್ಟದ ಮೇಲೆ ಕೂತು ಬದುಕಿಸುತ್ತೀರಾ ಎಂದು ಕೇಳಿದೆ. ಒಂದಿಬ್ಬರು ಮೈಮೇಲೆ ಬರುವವರಂತೆ ನೋಡಿದರು. ಕಾಕಾ ಕೈಯೆತ್ತಿ ಅವರನ್ನು ತಡೆದರು.

“ಮೊದಲ ತಂಗಿ ಮಾತು ನಾ ಹೇಳತೇನಿ. ಅಕಿ ಹೌದು ಅಂದಮ್ಯಾಲ ನಮ್ಮದು,” ಎಂದರು.

ಅದು ಬೈಠಕ್ಕಿನ ಕಟ್ಟಳೆ. ಎದುರಿನವರ ಮಾತಿಗೆ ಉತ್ತರ ಕೊಡುವ ಮೊದಲು ಅದೇ ಮಾತನ್ನು ಅವರ ಪರವಾಗಿ ನಾವು ಹೇಳಬೇಕು. ‘ಹೌದು, ಇದು ನನ್ನ ಮಾತೇ’ ಎಂದು ಅವರು ಒಪ್ಪಬೇಕು. ಒಪ್ಪುವವರೆಗೆ ಉತ್ತರ ಕೊಡುವ ಹಕ್ಕು ನಮಗಿಲ್ಲ. ಕಾಕಾ ನನ್ನ ಮಾತನ್ನು ಎಲ್ಲೂ ಕುಂದು ಬಾರದಂತೆ ಹೇಳಿದರು, ನಾನು ತಲೆಯಾಡಿಸಿದೆ. ಆಮೇಲೆ ಅವರು ಕೊಟ್ಟ ಉತ್ತರ ನನಗೇನೂ ಹಿಡಿಸಲಿಲ್ಲ, ಹಾಗೆಂದು ಹೇಳಿಯೂ ಬಂದೆ. ಆದರೆ ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ನನ್ನ ಮಾತನ್ನು ಅಷ್ಟು ಪೂರ್ತಿಯಾಗಿ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಮುಂದಿನ ರವಿವಾರ ಮತ್ತೆ ಹೋದೆ, ವರ್ಷಗಟ್ಟಲೆ ಹೋದೆ.

ಅವರು ಹಟಮಾರಿ ಮನುಷ್ಯ. ಕೈ ಕೆಸರಾದರೆ ಬಾಯಿ ಮೊಸರು ಎಂದು ಯಾರಾದರೂ ಅಂದರೆ ಸಾಕು, ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂದು ಅಲ್ಲಿಯೇ ಹಿಡಿದು ನಿಲ್ಲಿಸುತ್ತಿದ್ದರು. ನಮಾಜು ತಪ್ಪಿಸುತ್ತಿರಲಿಲ್ಲ, ರೋಜಾ ಬಿಡುತ್ತಿರಲಿಲ್ಲ. ಮಾರ್ಕ್ಸ್‌ವಾದಿಗೆ ಇದು ಹೇಗೆ ಹೊಂದುತ್ತದೆ ಎಂದು ಕೆಣಕಿದರೆ, ಆಚೆ ಲೋಕದ ಲೆಕ್ಕ ಆಚೆ ಆಗುತ್ತದೆ, ಮೊದಲು ಇಲ್ಲಿಯದು ಚುಕ್ತಾ ಆಗಲಿ ಎಂದು ನಗುತ್ತಿದ್ದರು.

ಅವರ ಜೀವಮಾನದ ನಂಬಿಕೆ ಒಂದಿತ್ತು. ಬಂಡವಾಳಶಾಹಿ ಪೂರ್ತಿ ಬೆಳೆಯಬೇಕು. ಯಂತ್ರಗಳು ಎಷ್ಟು ಬೆಳೆಯಬೇಕೆಂದರೆ, ಮನುಷ್ಯನ ಬೆವರಿಗೆ ಕೆಲಸವೇ ಉಳಿಯಬಾರದು. ಆಗ ಮಾಲೀಕತನಕ್ಕೂ ಅರ್ಥ ಉಳಿಯುವುದಿಲ್ಲ, ಹಣ್ಣಾದದ್ದು ತಾನೇ ಕಳಚಿ ಕೆಳಗೆ ಬೀಳುತ್ತದೆ. ಕಾಯಿ ಇದ್ದಾಗಲೇ ಕಿತ್ತದ್ದಕ್ಕೆ ಆ ದೇಶಗಳು ಸೋತವು ಎಂದು ಅವರು ವಾದಿಸುತ್ತಿದ್ದರು. ಕಾರ್ಮಿಕರು ಕೂಡಿ ಸ್ವಂತ ಕಾರ್ಖಾನೆ ನಡೆಸುವ ಮಾತು ಬಂದರಂತೂ ಸಿಟ್ಟೇ ಬರುತ್ತಿತ್ತು. ಸುತ್ತ ಬಜಾರು ಹಾಗೆಯೇ ಇರುವಾಗ ನಿಮ್ಮದೊಂದು ಶೆಡ್ಡಿನಲ್ಲಿ ಏನು ಬದಲಾದೀತು, ಕೊನೆಗೆ ನೀವೇ ನಿಮಗೆ ಸಾವಕಾರರಾಗಿ ನಿಮ್ಮ ಬೆನ್ನಿಗೆ ನೀವೇ ಬಡಿದುಕೊಳ್ಳುತ್ತೀರಿ ಎನ್ನುತ್ತಿದ್ದರು.

ಅಷ್ಟರಲ್ಲಿ ತಾರಿಹಾಳಕ್ಕೆ ಕಂಪ್ಯೂಟರಿನಿಂದ ನಡೆಯುವ ಹೊಸ ಯಂತ್ರಗಳು ಬಂದವು. ಅವರು ಹೇಳಿದ ಹಾಗೆಯೇ ಯಂತ್ರ ಬೆಳೆಯಿತು, ದುಡಿಮೆ ಕಡಿಮೆಯಾಯಿತು. ಬಿಡುವು ಮಾತ್ರ ಯಾರ ಮನೆಗೂ ಬರಲಿಲ್ಲ. ಕೆಲಸ ಹೋದವರು ಬೈಪಾಸಿನ ಗ್ಯಾರೇಜುಗಳಲ್ಲಿ, ಸಾಮಾನು ಮುಟ್ಟಿಸುವ ಬೈಕುಗಳ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ದುಡಿಯತೊಡಗಿದರು. ಕಾಕಾ ಆ ದಿನಗಳಲ್ಲಿ ಬೈಠಕ್ಕಿನಲ್ಲಿ ಪುಸ್ತಕ ತೆರೆದು ಕೂಡುತ್ತಿದ್ದರು. ಬೆರಳು ಹಾಳೆಯ ಮೂಲೆಗೆ ಬಂದು ಸುಮ್ಮನೆ ನಿಲ್ಲುತ್ತಿತ್ತು.

ಆಮೇಲೆ ಈ ಸಂಕಟ ಅವರ ಕಾರ್ಖಾನೆಯ ಬಾಗಿಲಿಗೇ ಬಂತು. ಸಾವಕಾರರಿಗೆ ವಯಸ್ಸಾಗಿತ್ತು, ಮುಚ್ಚುವುದಾಗಿ ಹೇಳಿದರು. ಕೆಲಸಗಾರರು ಬೇಕಿದ್ದರೆ ಶೆಡ್ಡನ್ನೂ ಯಂತ್ರಗಳನ್ನೂ ಬಾಡಿಗೆಗೆ ಹಿಡಿದು ಕೂಡಿ ನಡೆಸಲಿ ಎಂಬುದು ಅವರದೇ ಸಲಹೆ. ಕೆಲಸಗಾರರಿಗೆ ಆಸೆ, ಕಾಕಾ ಒಪ್ಪದೆ ಮುಂದೆ ಹೆಜ್ಜೆಯಿಡಲು ಅಳುಕು. ಆ ರವಿವಾರ ಅಟ್ಟದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕಾಕಾ ತಮ್ಮ ಹಳೆಯ ವಾದವನ್ನೇ ಹೇಳಿದರು. ಹಣ್ಣಾಗಲಿ, ಕಾಯಬೇಕು ಎಂದರು.

ಶೆಡ್ಡಿನ ಕಸ ಹೊಡೆದು, ವಾಲ್ವುಗಳನ್ನು ಪೆಟ್ಟಿಗೆಗೆ ತುಂಬುವ ಗಬ್ಬೂರಿನ ಗಂಗವ್ವ ಬಾಗಿಲ ಬಳಿ ಕೂತಿದ್ದಳು. ಬೈಠಕ್ಕಿನಲ್ಲಿ ಅವಳು ಬಾಯಿಬಿಟ್ಟದ್ದು ಅದೇ ಮೊದಲು.

“ಕಾಕಾ, ಅದು ಹಣ್ಣಾಗಿ ಬೀಳೂತನಾ ನಾವೇನ್ ತಿನ್ನೂನ್ರಿ? ಮತ್ತ ಅದು ಬಿದ್ದ ದಿನಾ ಉಡಿ ಒಡ್ಡಾಕ ನಮಗ ಬರಬೇಕಲ್ರಿ. ಈಗಿಂದ ಕಲೀದಿದ್ರ ಹೆಂಗ ಬರತೈತಿ?”

ಕಟ್ಟಳೆಯ ಪ್ರಕಾರ ಕಾಕಾ ಈಗ ಅವಳ ಮಾತನ್ನು ಅವಳ ಪರವಾಗಿ ಹೇಳಬೇಕು. ಶುರು ಮಾಡಿದರು, ನಡುವೆ ನಿಂತರು. ಮತ್ತೆ ಶುರು ಮಾಡಿದರು. ಕೊನೆಗೆ, ಮುಂದಿನ ರವಿವಾರ ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಹಾಗೆ ಎದ್ದು ಹೋದದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಮುಂದಿನ ರವಿವಾರ ಬಂದು ಗಂಗವ್ವನ ಎದುರು ಕೂತು ಅವಳ ಮಾತನ್ನು ಪೂರ್ತಿ ಹೇಳಿದರು. ಆಳುವುದನ್ನು ಆಳಿಯೇ ಕಲಿಯಬೇಕು, ಹೊಸ ಸಮಾಜವನ್ನು ನಡೆಸುವವರು ಹಳೆಯ ಸಮಾಜದಲ್ಲಿಯೇ ತಯಾರಾಗಬೇಕು, ಸುಮ್ಮನೆ ಕಾಯುತ್ತ ಕೂತವರಿಗೆ ಕಾಯುವುದೊಂದೇ ರೂಢಿಯಾಗುತ್ತದೆ ಎಂದರು. ಗಂಗವ್ವ ಹೌದ್ರಿ, ನಂದು ಇದ ಮಾತು ಎಂದಳು. ನಾವು ಉತ್ತರಕ್ಕೆ ಕಾದೆವು. “ಇದಕ್ಕ ನನ್ನ ಕಡೆ ಉತ್ತರ ಇಲ್ಲ,” ಎಂದರು ಕಾಕಾ. ಅಷ್ಟು ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ಜೀವಮಾನದ ಮಾತನ್ನು ಹಾಗೆ ಕೆಳಗಿಡುವುದು ಸಣ್ಣದಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅವತ್ತೇ ಎಂದರೆ ಸುಳ್ಳಲ್ಲ, ಅದಕ್ಕೆ ಮೊದಲು ಬರೀ ಪ್ರೀತಿಯಿತ್ತು.

ಕೆಲಸಗಾರರು ಕೂಡಿ ಶೆಡ್ಡನ್ನು ಬಾಡಿಗೆಗೆ ಹಿಡಿದರು. ಆದರೆ ಒಪ್ಪಿದ ಮೇಲೆ ಅರ್ಧಕ್ಕೆ ನಿಲ್ಲುವ ಜಾಯಮಾನ ಕಾಕಾನದಲ್ಲ. ಬರುವ ಸಮಾಜದಲ್ಲಿ ಯಾರೂ ಹುಟ್ಟಿನಿಂದ ಸಾಯುವವರೆಗೆ ಒಂದೇ ಕೆಲಸಕ್ಕೆ ಜೋತುಬೀಳಬಾರದು ಎಂದು ಓದಿಕೊಂಡಿದ್ದರಲ್ಲ, ಅದನ್ನು ಮೊದಲ ದಿನದಿಂದಲೇ ತರಬೇಕೆಂದು ಪಟ್ಟು ಹಿಡಿದರು. ಫೋರ್‌ಮನ್ ಬೇಡ, ವಾರಕ್ಕೊಮ್ಮೆ ಎಲ್ಲರೂ ಕೆಲಸ ಬದಲಿಸಿಕೊಳ್ಳಬೇಕು. ಲೇಥ್ ನಡೆಸುವ ಟರ್ನರ್ ಆಗಿದ್ದ ಬಸವರಾಜ ಚಹಾ ಕಾಸಿದ. ಪೇಂಟು ಬಳಿಯುವವನು ಅವನ ಲೇಥಿಗೆ ಬಂದ. ಗಂಗವ್ವ ಕಾಕಾನ ಮೇಜಿಗೆ ಬಂದಳು, ಕಾಕಾ ಪೆಟ್ಟಿಗೆ ತುಂಬಲು ಹೋಗಿ ಮೊಳೆ ಹೊಡೆಯುವಾಗ ಬೆರಳು ಜಜ್ಜಿಕೊಂಡು ಗಂಗವ್ವನಿಂದ ಬೈಸಿಕೊಂಡರು. ಕೆಲವು ವಾರ ಶೆಡ್ಡಿನಲ್ಲಿ ಹಬ್ಬದ ಕಳೆಯಿತ್ತಂತೆ.

ಆಮೇಲೆ ಮಾಲು ತಿರುಗಿ ಬಂತು. ಲಾರಿಯಿಂದ ಇಳಿಸಿದ ವಾಲ್ವುಗಳನ್ನು ನೀರು ಬಿಟ್ಟು ನೋಡಿದರೆ ಒಂದಲ್ಲ ಒಂದು ಕಡೆ ಸೋರುವವೇ. ಒಳಗಿನ ಬಾಯಿಯೂ ಮುಚ್ಚಳವೂ ಕೂದಲೆಳೆಯ ಸಂದೂ ಉಳಿಯದಂತೆ ಉಜ್ಜಿ ಕೂಡಿಸುವುದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ. ವಾರದ ಮಟ್ಟಿಗೆ ಬಂದು ಹೋಗುವವರಿಗೆ ಒಲಿಯುವುದಲ್ಲ. ಊರೆಲ್ಲ ನಕ್ಕಿತು. ಇದು ನಿಮ್ಮ ಕಮ್ಯುನಿಸಂ ನೋಡ್ರಿ, ಸೋರುತ್ತದೆ ಎಂದು ಪಕ್ಕದ ಶೆಡ್ಡಿನವರು ಆಡಿಕೊಂಡರು. ಇನ್ನೊಮ್ಮೆ ಹೀಗಾದರೆ ಕೊಳ್ಳುವವರೇ ಉಳಿಯುವುದಿಲ್ಲ, ಶೆಡ್ಡಿಗೆ ಬೀಗ ಹಾಕುವುದೇ ಸರಿ ಎಂಬಲ್ಲಿಗೆ ಬಂತು.

ಕೂಡಿದ ಸಭೆಗೆ ನಾನೂ ಹೋಗಿದ್ದೆ. ಬಸವರಾಜ ಕೂಗಾಡುತ್ತಿದ್ದ. ಎಲ್ಲವೂ ಮೊದಲಿನಂತಾಗಬೇಕು, ಕಸ ಹೊಡೆಯುವವರು ಕಸ ಹೊಡೆಯಲಿ, ಫೋರ್‌ಮನ್ ಬೇಕು, ಬೇಕಿದ್ದರೆ ಕಾಕಾನೇ ಆ ಕುರ್ಚಿಯಲ್ಲಿ ಕೂಡಲಿ, ಅವರು ಹೇಳಿದಂತೆ ಕೇಳುತ್ತೇವೆ ಎಂದ. ಬಹಳ ಮಂದಿ ಚಪ್ಪಾಳೆ ತಟ್ಟಿದರು. ಮೊದಲು ಬಸವರಾಜನ ಮಾತನ್ನು ಅವನ ಪರವಾಗಿ ಹೇಳಿದರು ಕಾಕಾ. ಅಂಥ ಹೊತ್ತಿನಲ್ಲೂ ಕಟ್ಟಳೆ ಬಿಡಲಿಲ್ಲ. ಅವನು ಗಂಟು ಮುಖದಲ್ಲಿಯೇ ತಲೆಯಾಡಿಸಿದ.

“ತಪ್ಪು ನಂದು,” ಎಂದರು ಆಮೇಲೆ. “ಪುಸ್ತಕದಾಗ ಊರಿನ ಹೆಸರ ಐತಿ, ದಾರಿ ಬರದಿಲ್ಲ. ಕಂಡಕ್ಟರ್ ಧಾರವಾಡ ಅಂತ ಒದರಿದ್ದ ತಡಾ, ನಾ ನಡುದಾರಿ ಉಣಕಲ್ಲಾಗ ಇಳದಬಿಟ್ಟೆ. ನಿಮ್ಮನ್ನೂ ಇಳಿಸಿದೆ. ಹಂಗಂತ ತಿರುಗಿ ಹುಬ್ಬಳ್ಳಿಗೆ ಹೋಗೂದು ಬ್ಯಾಡ. ಬಸ್ಸು ಹತ್ತೂನು. ಮತ್ತ ನಾ ಕುರ್ಚಿಮ್ಯಾಲ ಕೂಡೂದಿಲ್ಲ.”

ಬಹಳ ಹೊತ್ತು ಜಗಳವಾಗಿ ಒಂದು ಹದಕ್ಕೆ ಬಂತು. ಬಲ್ಲವರ ಕೆಲಸ ಬಲ್ಲವರಿಗೆ. ಮೇಲ್ವಿಚಾರಣೆಗೆ ಎಲ್ಲರೂ ಕೂಡಿ ಒಬ್ಬರನ್ನು ಆರಿಸುವುದು, ಬೇಡವಾದರೆ ಇಳಿಸುವುದು. ಶನಿವಾರ ಮಧ್ಯಾಹ್ನ ಮಾತ್ರ, ಬಯಸಿದವರು ಬಯಸಿದ ಕೆಲಸವನ್ನು ಬಲ್ಲವರ ಪಕ್ಕ ಕೂತು ಕಲಿಯುವುದು. ಗಂಗವ್ವ ಅಂದಿನಿಂದ ಕಾಕಾನ ಪಕ್ಕ ಕೂತಳು. ತಿಂಗಳುಗಟ್ಟಲೆ ಉಜ್ಜಿ ಕೆಡಿಸಿ, ಕೆಡಿಸಿ ಉಜ್ಜಿ, ಕೊನೆಗೆ ಅವಳು ಕೂಡಿಸಿದ ವಾಲ್ವು ಸೋರದೆ ನಿಂತಿತು. ಈಗ ಆ ಮೇಜು ಅವಳದು.

ಅವಳು ಮೇಜಿಗೆ ಬಂದ ಮೇಲೆ ಕಸ ಯಾರು ಹೊಡೆಯಬೇಕು? ಎಲ್ಲರೂ, ವಾರಕ್ಕೊಬ್ಬರಂತೆ ಎಂದು ಕಾಕಾ ಸಾಧಿಸಿದರು. ಅವರು ಕನಸಿದ ಆ ಎಲ್ಲ ಅದಲುಬದಲಿನಲ್ಲಿ ಕೊನೆಗೆ ಉಳಿದದ್ದು ಕಸಬರಿಗೆಯ ಪಾಳಿಯೊಂದೇ. ಅದೂ ಹೇಗೆ ಉಳಿಯಿತು ಎನ್ನುತ್ತೀರಿ? ಪ್ರತಿ ವಾರ ಯಾರಾದರೂ ನೆನಪಿಸಬೇಕು, ಬೆನ್ನು ಹತ್ತಬೇಕು. ಬಸವರಾಜನಂತೂ ತನ್ನ ಪಾಳಿ ಬಂದ ವಾರ ಸೊಂಟ ಹಿಡಿದುಕೊಂಡು ನರಳುತ್ತಿದ್ದ.

ಒಂದು ಸಂಜೆ ನಾನು ಹೋದಾಗ ಕಾಕಾ ತಮ್ಮ ಪಾಳಿ ಮುಗಿಸಿ ಏದುಸಿರು ಬಿಡುತ್ತ ಶೆಡ್ಡಿನ ಬಾಗಿಲಲ್ಲಿ ಕೂತಿದ್ದರು. ಉಳಿದವರು ಅವರು ಗುಡಿಸುವುದನ್ನು ನೋಡುತ್ತಲೇ ಬೈಕು ಹತ್ತಿ ಹೋಗಿದ್ದರು. ಗಂಗವ್ವ ಕಸಬರಿಗೆ ಇಸಿದುಕೊಳ್ಳಲು ಬಂದರೆ ಕೊಟ್ಟಿರಲಿಲ್ಲ. ನೀನು ಲೆಕ್ಕಕ್ಕಿಲ್ಲ, ನೀನು ಮೊದಲಿನಿಂದ ಮಾಡಿದವಳು ಎಂದಿದ್ದರಂತೆ. ನನಗೆ ಅವರ ಸ್ಥಿತಿ ನೋಡಿ ಕೆಟ್ಟೆನಿಸಿತು. ಕೆಟ್ಟೆನಿಸಿದರೆ ನಾನು ಕೆಣಕುವವಳು. ನಿಮ್ಮ ಆ ಊರು ಇನ್ನೂ ಎಷ್ಟು ದೂರ ಇದೆ ಕಾಕಾ ಎಂದು ಕೇಳಿದೆ. ಅವರು ನಗಲಿಲ್ಲ.

“ನನಗ ಗೊತ್ತಿಲ್ಲವಾ ತಂಗಿ. ಇನ್ನೊಬ್ರ ಪಾಳ್ಯಾಗ, ಯಾರೂ ಹೇಳಲಾರದ, ಯಾರರ ಕಸಬರಗಿ ಹಿಡದ ದಿನಾ ನನಗಷ್ಟು ಹೇಳಿ ಕಳಸು. ದಾರಿ ಹತ್ತೇತಿ ಅಂತ ತಿಳಕೊಂತೇನಿ.”

ಈ ಚಳಿಗಾಲದಲ್ಲಿ ಅವರು ಹೋದರು. ಬೆಳಗಿನ ನಮಾಜಿಗೆ ಎದ್ದವರು ಗೋಡೆಗೆ ಒರಗಿ ಕೂತರಂತೆ, ಕೂತವರು ಏಳಲಿಲ್ಲ. ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಗಂಗವ್ವ ಮತ್ತು ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತು, ಮಣ್ಣಿಗೆ ಹೋದವರು ಮರಳುವವರೆಗೆ ಕಾದೆವು. ಅವರ ಕೈ ನೋಡಿದೆಯಾ ಎಂದು ಗಂಗವ್ವ ಕೇಳಿದಳು. ನೋಡಿದ್ದೆ. ಕೊನೆಯ ಸ್ನಾನ ಮಾಡಿಸಿದವರು ಎಷ್ಟು ತಿಕ್ಕಿದರೂ ಕಪ್ಪು ಹೋಗಿರಲಿಲ್ಲ. ನನಗೆ ಅಳು ಬಂದದ್ದು ಆಗ.

ಮರುದಿನ ತಾರಿಹಾಳಕ್ಕೆ ಹೋದೆ. ಶೆಡ್ಡಿನಲ್ಲಿ ಯಂತ್ರಗಳು ನಡೆದಿದ್ದವು. ಸಂಜೆಯಾಗಿ ಒಂದೊಂದೇ ಯಂತ್ರ ನಿಂತಿತು, ನೆಲದ ಮೇಲೆ ಕಬ್ಬಿಣದ ಚೂರು ಹರಡಿಕೊಂಡಿತ್ತು. ಆ ವಾರದ ಪಾಳಿ ಕಾಕಾನದು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಗಂಗವ್ವ ಮೂಲೆಯ ಕಸಬರಿಗೆಯ ಕಡೆ ಎರಡು ಹೆಜ್ಜೆ ಹಾಕಿದವಳು, ಏನೋ ನೆನಪಾದಂತೆ ನಿಂತಳು. ಬಸವರಾಜ ಬೈಕಿನ ಕೀಲಿಯನ್ನು ಕೈಯಲ್ಲಿ ಹಿಡಿದು ಬಾಗಿಲವರೆಗೆ ಹೋಗಿದ್ದ. ಅಲ್ಲಿಂದ ತಿರುಗಿ ಬಂದ. ಕೀಲಿಯನ್ನು ಕಿಸೆಗೆ ಹಾಕಿಕೊಂಡ, ಕಸಬರಿಗೆ ತೆಗೆದುಕೊಂಡ. ಯಾರ ಮುಖವನ್ನೂ ನೋಡದೆ, ಗಂಗವ್ವನ ಮೇಜಿನ ಕೆಳಗಿನಿಂದ ಶುರು ಮಾಡಿ ಬಾಗಿಲವರೆಗೆ ಗುಡಿಸುತ್ತ ಬಂದ.

ಎದುರಿನವರ ಮಾತನ್ನು ಅವರ ಪರವಾಗಿ ಹೇಳಲು ಕಲಿಸಿದ ಋಣ ನನ್ನ ಮೇಲಿದೆ. ಇಂದಿಗೂ ಪತ್ರಿಕೆಗೆ ಒಂದು ಸಾಲು ಬರೆಯುವ ಮೊದಲು, ಇದನ್ನು ಒಪ್ಪದವರು ಏನೆನ್ನುತ್ತಾರೆ ಎಂದು ನನ್ನೊಳಗೇ ಹೇಳಿಕೊಳ್ಳುತ್ತೇನೆ. ಅದು ತೀರಿಸುವ ಋಣವಲ್ಲ, ಇರಲಿ. ಆದರೆ ಹೇಳಿ ಕಳಿಸು ಎಂದು ಅವರು ಒಪ್ಪಿಸಿದ ಕೆಲಸವೊಂದು ಬಾಕಿ ಉಳಿದಿತ್ತು. ಯಾರ ಕೈಯಲ್ಲಿ ಕಳಿಸಲಿ, ಎಲ್ಲಿಗೆಂದು ಕಳಿಸಲಿ? ನನಗೆ ಬರುವುದು ಬರೆಯುವುದೊಂದೇ.

ಕಾಕಾ, ನಿಮ್ಮ ಪಾಳ್ಯಾಗ ಬಸವರಾಜ ಕಸಬರಗಿ ಹಿಡದಾನ್ರಿ. ಯಾರೂ ಹೇಳಿರಲಿಲ್ಲ.